ಕಂಪನಿಗೆ ವಹಿಸುವ ಮುನ್ನ ಸಂಘ ಮಾಡಬೇಕಾದ ಕೆಲಸ

ಮಾನ್ಯ ಸಂಪಾದಕರೆ,

ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ವಾರ್ಷಿಕ ಸಭೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಇದೆಲ್ಲ ನಮ್ಮ ಕೈಲಿ ಆಗುವುದಿಲ್ಲ, ಯಾವುದಾದರೂ ಮೇಂಟೆನೆನ್ಸ್ ಕಂಪನಿಗೆ ವಹಿಸಿಬಿಡೋಣ.’ ಕಮಿಟಿಯಲ್ಲಿರುವವರೆಲ್ಲ ಹಗಲು ತಮ್ಮ ತಮ್ಮ ಉದ್ಯೋಗ ನೋಡಿಕೊಳ್ಳುವವರು. ಲಿಫ್ಟು, ಜನರೇಟರು (ಡಿಜಿ), ಕೊಳಚೆ ನೀರು ಶುದ್ಧೀಕರಣ ಘಟಕ (ಎಸ್‌ಟಿಪಿ) ಇವನ್ನೆಲ್ಲ ಬಿಡುವಿನ ವೇಳೆಯಲ್ಲಿ ನಡೆಸಲು ಯಾರಿಂದಲೂ ಆಗದು. ಹಾಗಾಗಿ ಆ ಮಾತಿನಲ್ಲಿ ತಪ್ಪಿಲ್ಲ. ತಪ್ಪಾಗುವುದು ಮುಂದಿನ ಹೆಜ್ಜೆಯಲ್ಲಿ. ಮೂರು ಕೊಟೇಶನ್ ತರಿಸಿ, ಎಲ್ಲಕ್ಕಿಂತ ಕಡಿಮೆ ಬರೆದವರಿಗೆ ಕೆಲಸ ಕೊಟ್ಟು, ಎರಡನೇ ವರ್ಷಕ್ಕೆ ಅವರನ್ನು ಕಳಿಸಿ ಇನ್ನೊಬ್ಬರನ್ನು ತರುವುದು ಬೆಂಗಳೂರಿನ ಎಷ್ಟೋ ಸಮುಚ್ಚಯಗಳಲ್ಲಿ ರೂಢಿಯಾಗಿಬಿಟ್ಟಿದೆ. ಕಂಪನಿ ಬದಲಾದರೂ ಎಸ್‌ಟಿಪಿ ನಾರುವುದು ನಿಲ್ಲುವುದಿಲ್ಲ, ಟ್ಯಾಂಕರ್ ಬಿಲ್ಲು ಇಳಿಯುವುದಿಲ್ಲ. ತಾನು ದುಡ್ಡು ಕೊಟ್ಟು ಏನನ್ನು ಪಡೆಯುತ್ತಿದ್ದೇನೆ ಎಂಬುದು ಸಂಘಕ್ಕೇ ತಿಳಿದಿರುವುದಿಲ್ಲ. ಮೂಲ ಇರುವುದು ಅಲ್ಲಿ. ಈ ಕೆಲಸವನ್ನು ಹತ್ತಿರದಿಂದ ಬಲ್ಲವರಾಗಿ ಕೆಲವು ವಿವರಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲು, ನಿಮಗೆ ಕಂಪನಿ ಬೇಕೋ ಒಬ್ಬ ಮ್ಯಾನೇಜರ್ ಸಾಕೋ ನೋಡಿ. ಐವತ್ತು ಮನೆಗಳೊಳಗಿನ, ಒಂದೆರಡು ಲಿಫ್ಟಿನ ಕಟ್ಟಡಕ್ಕೆ ಒಬ್ಬ ಅನುಭವಿ ಸೂಪರ್‌ವೈಸರ್, ವಾರಕ್ಕೆರಡು ದಿನ ಬಂದು ಲೆಕ್ಕ ಬರೆಯುವವರು, ಲಿಫ್ಟು ಮತ್ತು ಡಿಜಿಗೆ ತಯಾರಕರ ಜೊತೆಗೇ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಇದ್ದರೆ ಸಾಕು. ನೂರು ಮನೆ ದಾಟಿ ಎಸ್‌ಟಿಪಿ, ಟ್ರಾನ್ಸ್‌ಫಾರ್ಮರ್, ಅಗ್ನಿಶಾಮಕ ಪಂಪುಗಳು ಬಂದಮೇಲೆ ಪೂರ್ಣಾವಧಿ ಮ್ಯಾನೇಜರ್ ಅನಿವಾರ್ಯ. ಅವರನ್ನು ಸಂಘವೇ ನೇರವಾಗಿ ನೇಮಿಸಿಕೊಳ್ಳಬಹುದು, ಇಲ್ಲವೇ ಕಂಪನಿಯ ಮೂಲಕ ಪಡೆಯಬಹುದು. ಕಂಪನಿಯ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದ ಸಂಘಕ್ಕೆ ಅದು ಪೂರ್ತಿ ಖರ್ಚೇ. ನೇರ ನೇಮಕದಲ್ಲಿ ಈ ತೆರಿಗೆ ಇಲ್ಲ, ಆದರೆ ವೇತನ, ರಜೆ, ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ಎಲ್ಲದರ ಕಾಗದಪತ್ರ ಸಂಘದ ತಲೆಯ ಮೇಲೆ ಬರುತ್ತದೆ. ಒಬ್ಬರು ರಜೆ ಹಾಕಿದರೆ ಬದಲಿ ಹುಡುಕುವುದೂ ಸಂಘದ ಕೆಲಸವಾಗುತ್ತದೆ. ನಮಗೆ ಸರಿಯೆನಿಸುವುದು ಮಧ್ಯದ ದಾರಿ: ಮ್ಯಾನೇಜರ್, ತಂತ್ರಜ್ಞರು, ಹೌಸ್‌ಕೀಪಿಂಗ್ ಒಂದು ಕಂಪನಿಯಿಂದ, ಸೆಕ್ಯುರಿಟಿ ಬೇರೆ ಏಜೆನ್ಸಿಯಿಂದ. ಗೇಟಿನಲ್ಲಿ ಸಾಮಾನು ಹೊರಹೋಗುವುದನ್ನು ಬರೆದಿಡುವವರೂ ಆ ಸಾಮಾನನ್ನು ಬಳಸುವವರೂ ಒಬ್ಬರದೇ ನೌಕರರಾಗಿರಬಾರದು.

ಕೊಟೇಶನ್ ಕೇಳುವ ಮೊದಲು ಸಂಘ ತನ್ನ ಮನೆಗೆಲಸ ಮುಗಿಸಬೇಕು. ಎಷ್ಟು ಪಂಪು, ಎಷ್ಟು ಎಚ್‌ಪಿ, ಯಾವ ವರ್ಷದ್ದು, ವಾರಂಟಿ ಎಂದಿಗೆ ಮುಗಿಯುತ್ತದೆ ಎಂಬ ಯಂತ್ರಗಳ ಪಟ್ಟಿ ಬೇಕು. ಕಳೆದ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲು, ಜಲಮಂಡಳಿ ಬಿಲ್ಲು, ಟ್ಯಾಂಕರ್ ಲೆಕ್ಕ, ಡೀಸೆಲ್ ಲೆಕ್ಕ ಬೇಕು. ಬಿಲ್ಡರ್‌ನಿಂದ ಹಸ್ತಾಂತರ ಆಗತಾನೆ ಆಗಿದ್ದರೆ ಇನ್ನೊಂದು ಮಾತು: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 17ನೇ ಕಲಮಿನಂತೆ ನಕ್ಷೆ ಮತ್ತು ದಾಖಲೆಗಳನ್ನು ಸಂಘಕ್ಕೆ ಒಪ್ಪಿಸುವುದು ಬಿಲ್ಡರ್ ಹೊಣೆ, 14ನೇ ಕಲಮಿನಂತೆ ರಚನಾದೋಷಗಳಿಗೆ, ಕಾಮಗಾರಿಯ ಗುಣಮಟ್ಟದ ದೋಷಗಳಿಗೆ ಸ್ವಾಧೀನದ ದಿನದಿಂದ ಐದು ವರ್ಷ ಅವರು ಉತ್ತರಿಸಬೇಕು. ಬೇಸ್‌ಮೆಂಟಿನ ಗೋಡೆಯಲ್ಲಿ ನೀರು ಒಸರಿದಾಗ ಹೊಸ ಮ್ಯಾನೇಜರ್ ಫೋಟೋ ತೆಗೆದು, ದಿನಾಂಕ ಹಾಕಿ, ದೋಷಗಳ ರಿಜಿಸ್ಟರಿನಲ್ಲಿ ಬರೆದು ಬಿಲ್ಡರ್‌ಗೆ ಪತ್ರ ಕಳಿಸಬೇಕು. ಹಾಗೆ ಮಾಡದೆ ಸಂಘದ ಹಣದಲ್ಲಿ ಸಿಮೆಂಟು ಬಳಿಸಿಬಿಟ್ಟರೆ ಮುಂದೆ ಕೇಳಲು ಪುರಾವೆಯೇ ಉಳಿಯುವುದಿಲ್ಲ. ಬಿಲ್ಡರ್‌ನ ಸೋದರ ಸಂಸ್ಥೆಯೇ ಮೊದಲ ವರ್ಷಗಳ ನಿರ್ವಹಣೆ ಮಾಡುವಲ್ಲಿ ಈ ರಿಜಿಸ್ಟರ್ ಖಾಲಿ ಇರುವುದು ಆಶ್ಚರ್ಯವಲ್ಲ.

ಈಗ ದರದ ವಿಷಯ. ಹೆಚ್ಚಿನ ಸಂಘಗಳು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಒಂದು ಗೇಟಿನಲ್ಲಿ ಇಪ್ಪತ್ನಾಲ್ಕು ಗಂಟೆ ಒಬ್ಬ ಗಾರ್ಡ್ ನಿಲ್ಲಬೇಕಾದರೆ ಎಂಟು ಗಂಟೆಯ ಪಾಳಿಯಲ್ಲಿ ಮೂವರು ಸಾಲುವುದಿಲ್ಲ. ವಾರಕ್ಕೆ ಇಪ್ಪತ್ತೊಂದು ಪಾಳಿ. ವಾರದ ರಜೆ ಕಳೆದು ಒಬ್ಬರು ಆರು ಪಾಳಿ ಮಾಡುತ್ತಾರೆ. ಅಂದರೆ ಒಂದು ಪೋಸ್ಟಿಗೆ ಮೂರೂವರೆ ಜನ. ನಾಲ್ಕು ಪೋಸ್ಟಿದ್ದರೆ ಹದಿನಾಲ್ಕು. ಹನ್ನೆರಡು ಗಂಟೆಯ ಪಾಳಿ ಹಾಕಿದರೆ ಅದೇ ನಾಲ್ಕು ಪೋಸ್ಟಿಗೆ ಒಂಬತ್ತು ಹತ್ತು ಜನ ಸಾಕು ಎಂದು ಏಜೆನ್ಸಿ ತೋರಿಸುತ್ತದೆ. ಆದರೆ ಕಾನೂನಿನ ಮಿತಿ ಮೀರಿದ ದುಡಿಮೆಗೆ ಓವರ್‌ಟೈಮ್ ಎರಡರಷ್ಟು ದರದಲ್ಲಿ ಸಲ್ಲಬೇಕು. ಆ ಹಣ ಬಿಲ್ಲಿನಲ್ಲಿ ಕಾಣದಿದ್ದರೆ ಗಾರ್ಡಿಗೆ ಸಿಗುತ್ತಿಲ್ಲ ಎಂದೇ ಅರ್ಥ. ರಿಲೀವರ್ (ಬದಲಿ ಗಾರ್ಡ್) ಇಲ್ಲದೆಡೆ ಹಗಲು ಪಾಳಿಯವನೇ ರಾತ್ರಿಗೂ ನಿಂತು ಡಬಲ್ ಡ್ಯೂಟಿ ಮಾಡುತ್ತಾನೆ. ಬೆಳಗಿನ ಜಾವ ಮೂರಕ್ಕೆ ಅವನು ಕುರ್ಚಿಯಲ್ಲಿ ನಿದ್ದೆ ಹೋದ ಫೋಟೋ ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತದೆ, ಅವನ ಕೆಲಸ ಹೋಗುತ್ತದೆ. ತಪ್ಪು ಅವನದಲ್ಲ, ಕೊಟೇಶನ್ನಿನದು.

ಒಬ್ಬ ನೌಕರನ ಮಾಸಿಕ ವೆಚ್ಚವನ್ನು ಬಿಡಿಸಿ ಬರೆದು ಕೊಡಿ ಎಂದು ಪ್ರತಿ ಏಜೆನ್ಸಿಯನ್ನೂ ಕೇಳಿ. ಲೆಕ್ಕದ ಅನುಕೂಲಕ್ಕೆ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ₹15,000 ಎಂದಿಟ್ಟುಕೊಳ್ಳೋಣ. (ವಾಸ್ತವದಲ್ಲಿ ಆಯಾ ವರ್ಗಕ್ಕೆ, ಆಯಾ ವಲಯಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನವನ್ನೇ ಹಿಡಿಯಬೇಕು, ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಬದಲಾಗುತ್ತದೆ.) ಉದ್ಯೋಗದಾತರ ಪಾಲಿನ ಪಿಎಫ್ ಆಡಳಿತ ಶುಲ್ಕ, ವಿಮೆ ಸೇರಿ ಶೇ 13, ಅಂದರೆ ₹1,950. ಇಎಸ್‌ಐ ಶೇ 3.25, ಸುಮಾರು ₹488. ಬೋನಸ್ ಶೇ 8.33, ಸುಮಾರು ₹1,250. ಗ್ರಾಚ್ಯುಟಿಗೆ ಶೇ 4.81, ಸುಮಾರು ₹722. ಇಷ್ಟಕ್ಕೇ ₹19,400 ದಾಟಿತು. ಏಜೆನ್ಸಿಯ ಸರ್ವಿಸ್ ಚಾರ್ಜ್ ಶೇ 10 ಸೇರಿದರೆ ₹21,350. ಅದರ ಮೇಲೆ ಜಿಎಸ್‌ಟಿ ಸೇರಿದರೆ ₹25,200ರ ಆಸುಪಾಸು. ಸಮವಸ್ತ್ರ, ರಜೆಯ ಸಂಬಳ, ರಿಲೀವರ್ ಇನ್ನೂ ಸೇರಿಲ್ಲ. ಅದೇ ವೇತನ ತೋರಿಸಿ ಯಾರಾದರೂ ‘ಎಲ್ಲ ಸೇರಿ ₹20,000’ ಎಂದು ಬರೆದುಕೊಟ್ಟರೆ ಎಲ್ಲಿಂದಲೋ ಕತ್ತರಿಸಿದ್ದಾರೆ. ಕತ್ತರಿಸುವುದು ಸಾಮಾನ್ಯವಾಗಿ ಪಿಎಫ್‌ನಲ್ಲಿ, ಇಲ್ಲವೇ ತಲೆ ಎಣಿಕೆಯಲ್ಲಿ. ಗುತ್ತಿಗೆದಾರ ಪಿಎಫ್, ಇಎಸ್‌ಐ ಕಟ್ಟದಿದ್ದರೆ ಆ ಬಾಕಿ ಮೂಲ ಉದ್ಯೋಗದಾತರ ಕಡೆ, ಎಂದರೆ ಸಂಘದ ಕಡೆ ತಿರುಗಬಹುದು.

ಆದ್ದರಿಂದ ಪ್ರತಿ ತಿಂಗಳ ಬಿಲ್ಲಿನ ಜೊತೆ ಹಿಂದಿನ ತಿಂಗಳ ಪಿಎಫ್ ಚಲನ್, ಹೆಸರು ಹಾಗೂ ಯುಎಎನ್ (ನೌಕರನ ಪಿಎಫ್ ಗುರುತಿನ ಸಂಖ್ಯೆ) ಇರುವ ಪಟ್ಟಿ, ಇಎಸ್‌ಐ ಚಲನ್ ಬಂದರೆ ಮಾತ್ರ ಪಾವತಿ ಎಂದು ಒಪ್ಪಂದದಲ್ಲಿ ಬರೆಯಿರಿ. ಚಲನ್ ನೋಡಿದರಷ್ಟೇ ಸಾಲದು; ಕಂಪನಿಯ ಬೇರೆ ಸೈಟಿನ ಚಲನ್ ತೋರಿಸುವುದುಂಟು. ಪಟ್ಟಿಯ ಹೆಸರುಗಳನ್ನು ನಿಮ್ಮ ಗೇಟಿನ ಹಾಜರಿಯೊಂದಿಗೆ ತಾಳೆ ನೋಡಿ. ಮೂರು ತಿಂಗಳಿಗೊಮ್ಮೆ ನಾಲ್ಕೈದು ನೌಕರರನ್ನು ಕೂರಿಸಿಕೊಂಡು ಅವರವರ ಮೊಬೈಲಿನಲ್ಲೇ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನ ಪಿಎಫ್ ಪಾಸ್‌ಬುಕ್ ತೆರೆಸಿದರೆ ಹತ್ತು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ. ತಮ್ಮ ಹಣ ಎಲ್ಲಿದೆ ಎಂದು ಅವರಿಗೂ ತಿಳಿಯುತ್ತದೆ, ಅದೇನು ಸಣ್ಣ ವಿಷಯವಲ್ಲ. ಹಾಜರಿ ಯಂತ್ರದ ಮೂಲ ದತ್ತಾಂಶ ಸಂಘದ ಕೈಯಲ್ಲಿರಲಿ. ಗೈರಾದ ಪ್ರತಿ ಪಾಳಿಗೂ ಕಡಿತ ಎಷ್ಟು, ತಿಂಗಳ ದರವನ್ನು 26ರಿಂದ ಭಾಗಿಸಬೇಕೋ 30ರಿಂದಲೋ ಎಂಬುದನ್ನೂ ಮೊದಲೇ ಬರೆದಿಡಿ. ತಿಂಗಳ ಕೊನೆಯ ಅರ್ಧ ಜಗಳ ಈ ಭಾಜಕದ ಮೇಲೆಯೇ. ಸೆಕ್ಯುರಿಟಿ ಏಜೆನ್ಸಿಯಾದರೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಪಡೆದ ಪರವಾನಗಿಯ ಪ್ರತಿ, ಗಾರ್ಡ್‌ಗಳ ಪೊಲೀಸ್ ಪರಿಶೀಲನೆಯ ದಾಖಲೆ ಕೇಳಿ ಪಡೆಯಿರಿ.

ಕಂಪನಿಯ ಹೆಸರು ನೋಡಿ ಮರುಳಾಗಬೇಡಿ. ನಿಮ್ಮ ಕಟ್ಟಡಕ್ಕೆ ಬಂದು ಕೂರುವುದು ಒಬ್ಬ ಮ್ಯಾನೇಜರ್; ಅವರನ್ನು ಕಮಿಟಿಯೇ ಸಂದರ್ಶಿಸಬೇಕು. ಪ್ರೆಸೆಂಟೇಶನ್ ಬದಿಗಿರಲಿ, ಪಂಪ್‌ರೂಮಿಗೆ ಕರೆದುಕೊಂಡು ಹೋಗಿ. ಫೈರ್ ಪಂಪಿನ ಪ್ಯಾನೆಲ್ ಮುಂದೆ ನಿಲ್ಲಿಸಿದರೆ ಬಲ್ಲವರು ಮೊದಲು ನೋಡುವುದು ಸ್ವಿಚ್ ಆಟೋದಲ್ಲಿದೆಯೋ ಮ್ಯಾನುವಲ್‌ನಲ್ಲಿದೆಯೋ ಎಂಬುದನ್ನು. ಎಷ್ಟೋ ಕಡೆ ಅದು ಮ್ಯಾನುವಲ್‌ನಲ್ಲೇ ಇರುತ್ತದೆ. ಪೈಪಿನಲ್ಲಿ ಸಣ್ಣ ಸೋರಿಕೆಯಾಗಿ ಒತ್ತಡ ಇಳಿದಾಗಲೆಲ್ಲ ಅದನ್ನು ಸರಿದೂಗಿಸುವ ಸಣ್ಣ ಜಾಕಿ ಪಂಪ್ ಪದೇಪದೇ ಶುರುವಾಗುತ್ತದೆ. ಸೋರಿಕೆ ಹುಡುಕುವ ಬದಲು ಯಾರೋ ಸ್ವಿಚ್ ತಿರುಗಿಸಿ ಸದ್ದು ನಿಲ್ಲಿಸಿರುತ್ತಾರೆ. ಬೆಂಕಿ ಬಿದ್ದ ದಿನ ಮೇನ್ ಪಂಪೂ ತಾನಾಗಿ ಏಳುವುದಿಲ್ಲ.

ಡಿಜಿ ಲಾಗ್‌ಬುಕ್ ಕೈಗೆ ಕೊಟ್ಟು ಕೇಳಿ: ಎಷ್ಟು ಗಂಟೆ ಓಡಿತು, ಎಷ್ಟು ಯೂನಿಟ್ ಕೊಟ್ಟಿತು, ಎಷ್ಟು ಲೀಟರ್ ಖರ್ಚಾಯಿತು? ಒಳ್ಳೆಯ ಲೋಡಿನಲ್ಲಿ ಲೀಟರಿಗೆ ಮೂರರಿಂದ ಮೂರೂವರೆ ಯೂನಿಟ್ ಬರಬೇಕು. ಎರಡೂವರೆಗಿಂತ ಕೆಳಗಿಳಿದರೆ ಯಂತ್ರ ತೀರಾ ಕಡಿಮೆ ಲೋಡಿನಲ್ಲಿ ಓಡುತ್ತಿದೆ, ಅಥವಾ ಇಂಜೆಕ್ಟರ್, ಫಿಲ್ಟರ್ ಕೆಟ್ಟಿವೆ, ಅಥವಾ ಡೀಸೆಲ್ ಬೇರೆಲ್ಲಿಗೋ ಹೋಗುತ್ತಿದೆ. ಗಂಟೆ ಮಾತ್ರ ಬರೆದು ಯೂನಿಟ್ ಬರೆಯದ ಲಾಗ್‌ಬುಕ್‌ನಿಂದ ಈ ಮೂರರಲ್ಲಿ ಯಾವುದೆಂದು ಹೇಳಲಾಗದು.

ಎಸ್‌ಟಿಪಿಯದು ಇನ್ನೂ ಸೂಕ್ಷ್ಮ. ಒಂದು ಲೀಟರಿನ ಅಳತೆ ಜಾಡಿಯಲ್ಲಿ ಏರೇಶನ್ ಟ್ಯಾಂಕಿನ (ಸೂಕ್ಷ್ಮಾಣುಗಳು ಕೊಳೆ ಕರಗಿಸಲೆಂದು ಗಾಳಿ ಊದುವ ತೊಟ್ಟಿಯ) ನೀರು ತುಂಬಿ ಅರ್ಧ ಗಂಟೆ ಬಿಟ್ಟರೆ, ಚೆನ್ನಾಗಿ ನಡೆಯುತ್ತಿರುವ ಸಾಧಾರಣ ಏರೇಶನ್ ಘಟಕದಲ್ಲಿ 250–300 ಮಿಲಿಲೀಟರ್‌ನಷ್ಟು ಕಂದು ಕೆಸರು ತಳದಲ್ಲಿ ನಿಂತು ಮೇಲಿನ ನೀರು ತಿಳಿಯಾಗುತ್ತದೆ. ಕರೆಂಟ್ ಉಳಿಸಲು ರಾತ್ರಿಯಿಡೀ ಗಾಳಿ ಊದುವ ಬ್ಲೋವರ್ ನಿಲ್ಲಿಸಿದರೆ ಆಮ್ಲಜನಕ ಸಿಗದೆ ಸೂಕ್ಷ್ಮಾಣುಗಳು ಸಾಯುತ್ತವೆ, ಕೆಸರು ಕಪ್ಪಾಗುತ್ತದೆ, ಫ್ಲಶ್ ಟ್ಯಾಂಕಿಗೆ ಬರುವ ನೀರು ನಾರುತ್ತದೆ. ಅದನ್ನು ಮತ್ತೆ ಹದಕ್ಕೆ ತರಲು ವಾರಗಳೇ ಬೇಕು. ಉಳಿದ ಕರೆಂಟಿನ ದುಡ್ಡಿಗಿಂತ ಹೆಚ್ಚು ಖರ್ಚು ಟ್ಯಾಂಕರಿಗೂ ಕೆಸರು ಸಾಗಿಸುವುದಕ್ಕೂ ಆಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಅವಧಿ, ನೀರಿನ ಪರೀಕ್ಷಾ ವರದಿ, ಲಾಗ್‌ಬುಕ್ ಈ ಮೂರನ್ನೂ ನೋಡಿಕೊಳ್ಳುವುದು ಯಾರ ಕೆಲಸ ಎಂದು ಹೆಸರು ಸಮೇತ ಒಪ್ಪಂದದಲ್ಲಿರಬೇಕು.

ಇದರ ಜೊತೆಗೇ ಒಂದು ಕಟ್ಟುನಿಟ್ಟಿನ ಷರತ್ತು. ಎಸ್‌ಟಿಪಿ ಟ್ಯಾಂಕ್, ವೆಟ್‌ವೆಲ್ (ಕೊಳಚೆ ನೀರು ಬಂದು ಸೇರುವ ಗುಂಡಿ), ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವಂತಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಸುರಕ್ಷತಾ ವ್ಯವಸ್ಥೆಯಿಲ್ಲದೆ ಗುಂಡಿಗಿಳಿಸಿ ಶುಚಿ ಮಾಡಿಸುವುದನ್ನು ಅಪರಾಧವೆನ್ನುತ್ತದೆ. ಒಳಚರಂಡಿ ಸಾವುಗಳಿಗೆ ₹30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಒಬ್ಬ ಕುಸಿದರೆ ಎತ್ತಲು ಇಳಿದ ಎರಡನೆಯವನೂ ಕುಸಿಯುತ್ತಾನೆ. ಪಂಪಿಗೆ ಕಸ ಸಿಕ್ಕಿಕೊಂಡಿದೆ, ಐದೇ ನಿಮಿಷದ ಕೆಲಸ ಎಂದು ಮ್ಯಾನೇಜರ್ ಒಬ್ಬ ಹುಡುಗನನ್ನು ಇಳಿಸಿದರೆ ಸಂಘದ ಪದಾಧಿಕಾರಿಗಳೂ ಉತ್ತರ ಹೇಳಬೇಕಾಗುತ್ತದೆ. ಪಂಪನ್ನು ಗೈಡ್ ರೈಲ್ ಮತ್ತು ಸರಪಳಿಯಿಂದ ಮೇಲೆತ್ತುವ ವ್ಯವಸ್ಥೆ ಇಲ್ಲದಿದ್ದರೆ ಮೊದಲ ತಿಂಗಳಲ್ಲೇ ಅದನ್ನು ಮಾಡಿಸಿ. ಈ ಖರ್ಚಿಗೆ ಮಹಾಸಭೆಯ ಒಪ್ಪಿಗೆ ಕಾಯುತ್ತಾ ಕೂರಬಾರದು.

ಲಿಫ್ಟಿನ ವಿಷಯ ಚಿಕ್ಕದು. ಎಎಂಸಿ ‘ಕಾಂಪ್ರಿಹೆನ್ಸಿವ್’ ಎಂದಿದ್ದರೂ ಯಾವ ಭಾಗಗಳು ಅದರ ಹೊರಗೆ ಎಂಬ ಪಟ್ಟಿ ಓದಿ. ರೋಪ್, ಕಂಟ್ರೋಲರ್ ಕಾರ್ಡ್, ಎಆರ್‌ಡಿ (ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತರುವ ಸಾಧನ) ಬ್ಯಾಟರಿ ಸೇರಿವೆಯೇ ನೋಡಿ. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಯಾವಾಗ ನವೀಕರಣಕ್ಕೆ ಬರುತ್ತದೆ ಎಂಬುದು ಮ್ಯಾನೇಜರ್ ಗೋಡೆಯ ಕ್ಯಾಲೆಂಡರಿನಲ್ಲಿರಲಿ.

ಆಯ್ಕೆಯಾದ ಮೇಲೆ ಒಪ್ಪಂದ. ಒಂದು ವರ್ಷದ ಅವಧಿ, ಮೊದಲ ಮೂರು ತಿಂಗಳು ಪರೀಕ್ಷಾವಧಿ, ಆಮೇಲೆ ಎರಡೂ ಕಡೆಯಿಂದ 60 ದಿನಗಳ ನೋಟಿಸ್ ಎಂದಿಟ್ಟುಕೊಳ್ಳುವುದು ಒಳ್ಳೆಯದು. ಸಂದರ್ಶನದಲ್ಲಿ ಒಪ್ಪಿದ ಮ್ಯಾನೇಜರನ್ನು ಸಂಘದ ಅನುಮತಿಯಿಲ್ಲದೆ ಬೇರೆ ಸೈಟಿಗೆ ಕಳಿಸುವಂತಿಲ್ಲ ಎಂಬ ಷರತ್ತು ಮರೆಯಬೇಡಿ. ಚುರುಕಾದವರನ್ನು ತೋರಿಸಿ ಕೆಲಸ ಹಿಡಿದು, ಎರಡು ತಿಂಗಳಲ್ಲಿ ಅವರನ್ನು ಹೊಸ ಗಿರಾಕಿಯ ಬಳಿಗೆ ಕಳಿಸುವುದು ಈ ವ್ಯವಹಾರದ ಹಳೆಯ ಚಾಳಿ. ಕೆಲಸದ ವಿವರವನ್ನು ‘ಸ್ವಚ್ಛತೆ ಕಾಪಾಡುವುದು’ ಎಂದು ತೇಲಿಸಬೇಡಿ. ಮೆಟ್ಟಿಲು ವಾರಕ್ಕೆಷ್ಟು ಸಲ ಒರೆಸಬೇಕು, ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್ ಎಷ್ಟು ತಿಂಗಳಿಗೊಮ್ಮೆ ತೊಳೆಯಬೇಕು, ಮಳೆಗಾಲಕ್ಕೆ ಮುಂಚೆ ಟೆರೇಸಿನ ನೀರುಕಂಡಿ ಹಾಗೂ ಇಂಗುಬಾವಿಯ ಜಲ್ಲಿ ಯಾವಾಗ ಸ್ವಚ್ಛವಾಗಬೇಕು ಎಂದು ಬರೆಯಿರಿ. ಆ ಪಟ್ಟಿಯನ್ನು ಪಂಪ್‌ರೂಮಿನ ಗೋಡೆಗೆ ಅಂಟಿಸುವಾಗ ಅಲ್ಲಿ ದುಡಿಯುವವರು ಓದಬಲ್ಲ ಭಾಷೆಯಲ್ಲಿ ಅಂಟಿಸಿ. ಆಪರೇಟರ್ ರಾಯಚೂರಿನವರಾದರೆ ಕನ್ನಡದಲ್ಲಿ, ಒಡಿಶಾದವರಾದರೆ ಒಡಿಯಾದಲ್ಲಿ. ಇಂಗ್ಲಿಷಿನ ಚೆಕ್‌ಲಿಸ್ಟಿಗೆ ಅರ್ಥವಾಗದೆ ಟಿಕ್ ಹಾಕಿಸಿಕೊಂಡು ಏನು ಪ್ರಯೋಜನ?

ಹಣದ ಹಿಡಿತ ಮಾತ್ರ ಯಾವ ಕಾರಣಕ್ಕೂ ಕೈಬಿಡಬಾರದು. ಬ್ಯಾಂಕ್ ಖಾತೆಗೆ ಕಮಿಟಿಯ ಇಬ್ಬರ ಸಹಿಯೇ ಇರಲಿ. ಮ್ಯಾನೇಜರ್ ಕೈಯಲ್ಲಿ ಹತ್ತು ಸಾವಿರದಷ್ಟು ಚಿಲ್ಲರೆ ನಗದು, ಅದು ತೀರಿದಾಗ ರಸೀದಿ ಕೊಟ್ಟು ಮತ್ತೆ ಪಡೆಯುವ ಪದ್ಧತಿ ಸಾಕು. ₹25,000 ದಾಟಿದ ಖರೀದಿಗೆ ಮೂರು ಕೊಟೇಶನ್, ಅದರಲ್ಲಿ ಒಂದನ್ನಾದರೂ ಕಮಿಟಿಯೇ ತರಿಸಬೇಕು, ಏಕೆಂದರೆ ಮೂರೂ ಒಂದೇ ಅಂಗಡಿಯಿಂದ ಹೊರಟು ಬರುವುದುಂಟು. ಬಿಲ್ಲುಗಳೆಲ್ಲ ಸಂಘದ ಹೆಸರಿನಲ್ಲಿರಬೇಕು. ಗುತ್ತಿಗೆದಾರರಿಗೆ ಕೊಡುವ ಹಣದಲ್ಲಿ ಮೂಲದಲ್ಲೇ ತೆರಿಗೆ ಕಡಿಯಬೇಕಾದ್ದರಿಂದ ಸಂಘಕ್ಕೆ ಟ್ಯಾನ್ (ತೆರಿಗೆ ಕಡಿತದ ಖಾತೆ ಸಂಖ್ಯೆ) ಬೇಕು. ವರ್ಷದ ವಹಿವಾಟು ₹20 ಲಕ್ಷ ಮೀರಿ, ಒಂದು ಮನೆಯ ಮೇಂಟೆನೆನ್ಸ್ ತಿಂಗಳಿಗೆ ₹7,500 ದಾಟಿದರೆ ನಿವಾಸಿಗಳಿಂದಲೂ ಜಿಎಸ್‌ಟಿ ವಸೂಲು ಮಾಡಬೇಕಾಗುತ್ತದೆ. ಕಂಪನಿಯ ದರ ಒಪ್ಪುವ ಮೊದಲೇ ಅದು ಪ್ರತಿ ಮನೆಯ ಪಾಲನ್ನು ಈ ಗೆರೆಯಾಚೆ ತಳ್ಳುತ್ತದೆಯೇ ಎಂದು ಲೆಕ್ಕಪರಿಶೋಧಕರನ್ನು ಕೇಳಿ. ನೀರಿನ ಟ್ಯಾಂಕರಿಗೆ ಸಂಪಿನ ಬಾಯಲ್ಲೇ ಮೀಟರ್ ಹಾಕಿಸಿ. ಆರು ಸಾವಿರ ಲೀಟರ್ ಎಂದು ಬರೆದಿರುವ ಟ್ಯಾಂಕರ್ ಎಷ್ಟು ಸುರಿಯಿತು ಎಂದು ಮೀಟರಿಲ್ಲದೆ ಯಾವ ಮ್ಯಾನೇಜರೂ ಹೇಳಲಾರರು.

ಮ್ಯಾನೇಜರಿಗೆ ಇನ್ನೂರು ಮನೆಯ ಇನ್ನೂರು ಯಜಮಾನರು ಇರಬಾರದು. ಆದೇಶ ಕೊಡುವವರು ಕಮಿಟಿಯ ಒಬ್ಬರೇ, ಉಳಿದವರ ದೂರು ಆ್ಯಪ್ ಅಥವಾ ದೂರು ಪುಸ್ತಕದ ಮೂಲಕ. ಬಾಡಿಗೆದಾರರ ಜಗಳ, ಸಾಕುನಾಯಿಯ ತಕರಾರು, ಬಾಕಿದಾರರ ಮೇಲೆ ಕ್ರಮ ಇವೆಲ್ಲ ಕಮಿಟಿ ತೀರ್ಮಾನಿಸಬೇಕಾದ ವಿಷಯಗಳು. ಬಾಕಿಯಿರುವವರ ನೀರು, ಕರೆಂಟ್ ಕತ್ತರಿಸಲು ಮ್ಯಾನೇಜರನ್ನು ಕಳಿಸಿದರೆ ಸಂಘವೇ ಕೋರ್ಟಿನ ಮೆಟ್ಟಿಲೇರಬೇಕಾದೀತು. ನೋಟಿಸ್ ಕಳಿಸುವುದು, ಬಾಕಿಯ ಪಟ್ಟಿಯನ್ನು 30, 60, 90 ದಿನಗಳೆಂದು ವಿಂಗಡಿಸಿ ಕೊಡುವುದಷ್ಟೇ ಅವರ ಕೆಲಸ. ದುಡಿಯುವವರಿಗೆ ಶೌಚಾಲಯ, ಕುಡಿಯುವ ನೀರು, ಊಟಕ್ಕೆ ಕೂರುವ ಜಾಗ ಇದೆಯೇ ಎಂಬುದನ್ನು ಮಾತ್ರ ಕಮಿಟಿಯೇ ಕಣ್ಣಾರೆ ನೋಡಬೇಕು. ಬೇಸ್‌ಮೆಂಟಿನ ಮೀಟರ್ ರೂಮಿನಲ್ಲಿ ಊಟ ಮಾಡುವ ಜನರಿಂದ ಒಳ್ಳೆಯ ಕೆಲಸ ನಿರೀಕ್ಷಿಸುವುದು ನ್ಯಾಯವಲ್ಲ.

ಕಂಪನಿ ಬದಲಿಸುವಾಗ ಹಳಬರೂ ಹೊಸಬರೂ ಕನಿಷ್ಠ ಹದಿನೈದು ದಿನ ಒಟ್ಟಿಗೆ ಇರುವಂತೆ ಒಪ್ಪಂದದಲ್ಲೇ ಬರೆಸಿ. ಎಲ್ಲ ಮೀಟರ್ ರೀಡಿಂಗ್, ಡೀಸೆಲ್ ಟ್ಯಾಂಕಿನ ಮಟ್ಟ, ಬೀಗದ ಕೈಗಳು, ಉಗ್ರಾಣದ ದಾಸ್ತಾನು, ಸಿಸಿಟಿವಿ ಮತ್ತು ಆ್ಯಪ್‌ನ ಅಡ್ಮಿನ್ ಪಾಸ್‌ವರ್ಡ್, ಎಎಂಸಿ ಪತ್ರಗಳು ಸಹಿ ಹಾಕಿಸಿಕೊಂಡು ಕೈ ಬದಲಾಗಬೇಕು. ಕೊನೆಯ ತಿಂಗಳ ಪಿಎಫ್ ಕಟ್ಟಿದ ದಾಖಲೆ ಬರುವವರೆಗೆ ಕೊನೆಯ ಬಿಲ್ಲು ತಡೆಹಿಡಿಯುವ ಹಕ್ಕು ಸಂಘಕ್ಕಿರಲಿ. ನೌಕರರ ಸಂಬಳದಷ್ಟನ್ನು ಮಾತ್ರ ತಡೆಯಬೇಡಿ, ಅದು ಅವರ ಹೊಟ್ಟೆಯ ಮೇಲೆ ಬೀಳುತ್ತದೆ.

ಈಗ ಎಷ್ಟೋ ಸಂಘಗಳು ಕಂಪನಿ ಕೊಟ್ಟ ಇಂಗ್ಲಿಷ್ ಕರಡಿಗೇ ಸಹಿ ಹಾಕುತ್ತಿವೆ; ಅದು ಕಂಪನಿಯನ್ನು ಕಾಯಲೆಂದೇ ಬರೆದದ್ದು. ವಸತಿ ಸಮುಚ್ಚಯಗಳಿಗೆ ಒಂದು ಮಾದರಿ ನಿರ್ವಹಣಾ ಒಪ್ಪಂದವನ್ನು, ಕನಿಷ್ಠ ವೇತನದ ಆಧಾರದ ಮೇಲೆ ಒಬ್ಬ ನೌಕರನ ವೆಚ್ಚ ಬಿಡಿಸಿ ತೋರಿಸುವ ನಮೂನೆಯ ಸಮೇತ, ಕಾರ್ಮಿಕ ಇಲಾಖೆ ಮತ್ತು ಸಹಕಾರ ಇಲಾಖೆ ಸೇರಿ ಕನ್ನಡದಲ್ಲಿ ಪ್ರಕಟಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇವೆ. ತುಟ್ಟಿಭತ್ಯೆ ಬದಲಾಗುವ ಪ್ರತಿ ಏಪ್ರಿಲ್‌ನಲ್ಲಿ ಆ ನಮೂನೆಯೂ ಪರಿಷ್ಕೃತವಾಗಿ ಬರಬೇಕು.

ಇಂತಿ,
ವಸತಿ ಸಮುಚ್ಚಯ ನಿರ್ವಹಣೆಯಲ್ಲಿ ತೊಡಗಿರುವ ಓದುಗರು
ಬೆಂಗಳೂರು